ಬೇರೆ ಕೈಯ ಡೋಲು

"ಅಟ್ಟ ಹತ್ತಿದೋರನ್ನ ಎಬ್ಬಿಸೋಕೆ ಕೂಲಿ ಏನ್ ಕೊಡ್ತಾರೋ ನಿಂಗೆ?"

ಕಟುಕ ಲಮೀದಿ ಕತ್ತಿ ಮಸೆಯುವುದನ್ನು ನಿಲ್ಲಿಸಿ, ಇಡೀ ಬೆಳಗಿನ ಸಂತೆಗೆ ಕೇಳುವ ಹಾಗೆ ಕೇಳಿದ. ನಾನು ಆಗತಾನೆ ಅರಮನೆ ಬಾಗಿಲಲ್ಲಿ ಡೋಲು ನುಡಿಸಿ ಬಂದಿದ್ದೆ. ನಾಲ್ಕು ಜನ ನಕ್ಕರು. ಉಳಿದವರು ನಗಲಿಲ್ಲ, ಅದು ಇನ್ನೂ ಕೆಟ್ಟದ್ದು.

ನಮ್ಮೂರಲ್ಲಿ ಅರಸ ಸಾಯುವುದಿಲ್ಲ, ಅಟ್ಟ ಹತ್ತುತ್ತಾನೆ, ಅಂದೇ ಸಂತೆ ಮುಚ್ಚುತ್ತದೆ. ಕಾಯಿಲೆಯೂ ಬೀಳುವಂತಿಲ್ಲ, ಹಾಗಂದವನಿಗೆ ದಂಡ. ಅದಕ್ಕೇ ಎಲ್ಲರೂ ಸುತ್ತಿ ಬಳಸಿ ಮಾತಾಡುತ್ತಾರೆ. ಅರಮನೆಗೆ ಗಂಜಿ ಹೋಯಿತೇ, ಲಾಗೋಸಿನ ಆ ಕಾರು ಯಾವ ಡಾಕ್ಟರದು. ಈಗ ಎಲ್ಲರ ಕಿವಿಯೂ ನನ್ನ ಡೋಲಿನ ಮೇಲೆ.

ದಿನಾ ಬೆಳಿಗ್ಗೆ ಅರಸನ ಮುತ್ತಜ್ಜಂದಿರ ಹೆಸರನ್ನು ಡೋಲಿನ ದನಿಯಲ್ಲೇ ನುಡಿಸಿ ಅವನನ್ನು ಎಬ್ಬಿಸುವ ಕೆಲಸ ನಮ್ಮಪ್ಪ ಆಯನ್‌ಬುನ್ಮಿಯದು. ಅರಸ ಅಟ್ಟ ಹತ್ತಿದರೆ ಹಳೆಯ ಡೋಲಿನವನು ಹೊಸ ಅರಸನ ಹೆಸರು ಸಾರುವವರೆಗೆ ಅರಮನೆ ಒಳಗೇ ಉಳಿಯಬೇಕು. ಹಾಗಾಗಿ ಅಪ್ಪ ಕಾಣದೆ ಬೇರೆ ಕೈ ಕೇಳಿಸಿತೆಂದರೆ ಊರಿನ ಲೆಕ್ಕ ಒಂದೇ, ಅರಸ ಅಟ್ಟ ಹತ್ತಿದ.

ಅಪ್ಪ ಒಳಗಿಲ್ಲ. ಮನೆಯಲ್ಲಿ ಲಕ್ವ ಹೊಡೆದು ಬಲಗೈ ಬಿದ್ದುಹೋಗಿ ಗೋಡೆ ನೋಡುತ್ತ ಮಲಗಿದ್ದಾನೆ. ಕೈ ಬಿದ್ದವನು ಆ ಬಾಗಿಲಲ್ಲಿ ನಿಲ್ಲುವಂತಿಲ್ಲ. ಗೊತ್ತಾದರೆ ಬಾಗಿಲಿನ ಕೆಲಸವೂ ಅರಮನೆ ಹಿತ್ತಲಿನ ನಮ್ಮ ಮನೆಯೂ ಅಂದೇ ಚಿಕ್ಕಪ್ಪ ಆಯನ್‌ಡೆಲೆಯ ಪಾಲು.

"ಲೋ ಮಗಾ, ನಿಜ ಹೇಳು," ಅಲಸಂದೆ ವಡೆ ಮಾರುವ ಇಯಾ ಬೋಸೆ ಸೌಟು ಹಿಡಿದೇ ಎದ್ದು ಬಂದಳು. "ಎಣ್ಣೆ ಕಾಯಿಸ್ಲೋ ಬೇಡ್ವೋ? ಸಂತೆ ಮುಚ್ಸಿದ್ರೆ ಆ ಹಿಟ್ಟನ್ನೆಲ್ಲ ನಿನ್ನ ತಲೆಗೇ ಸುರೀತೀನಿ."

"ಹೇಳಿದ್ನಲ್ಲಮ್ಮ, ಅಪ್ಪ ಇಬಾದಾನಲ್ಲಿ ಮದ್ವೇಲಿದಾನೆ."

"ಇಷ್ಟು ದಿನ ಎಂಥಾ ಮದ್ವೆಯಪ್ಪಾ ಅದು," ಲಮೀದಿ ಅಂದ. "ಹುಡುಗಿ ಇನ್ನೂ ಹುಟ್ಟೇ ಇಲ್ವೇನೋ."

ಈ ಸಲ ಎಲ್ಲರೂ ನಕ್ಕರು. ಅವನ ಹಲಗೆಯ ಮೇಲಿನ ಕತ್ತಿಯೇ ನನ್ನ ಕಣ್ಣಿಗೆ ಬೀಳುತ್ತಿತ್ತು. ಡೋಲನ್ನು ಕಂಕುಳಲ್ಲಿ ಅಮುಕಿದೆ. ಹುರಿ ಬಿಗಿದು ಅದು ತಾನಾಗಿ ನರಳಿತು.

ಗಂಜಿ ಅಂಗಡಿಯ ಬೆಂಚಿನಿಂದ ಚಿಕ್ಕಪ್ಪ ಎದ್ದು ಬಂದ. ಟೋಪಿ ಸರಿಮಾಡಿಕೊಂಡು, ನನ್ನ ಭುಜದ ಮೇಲೆ ಕೈಯಿಟ್ಟ. ಮಾತು ಬೆಣ್ಣೆ.

"ಜನ ಹೆದರಿದಾರೆ ಮಗಾ. ಒಂದೇ ಮಾತು ಸಾಕು. ಅಣ್ಣ ಒಳಗಿದಾನೋ, ಮನೇಲಿದಾನೋ?"

ಅವನಿಗೆ ವಾಸನೆ ಹತ್ತಿತ್ತು. ಮನೆಯಲ್ಲಿ ಎಂದರೆ ಅಪ್ಪನನ್ನು ನಾನೇ ಬೀದಿಗೆ ಎಸೆದಂತೆ. ಒಳಗೆ ಎಂದರೆ ಅರಸನನ್ನು ನಾನೇ ಅಟ್ಟಕ್ಕೆ ಏರಿಸಿದಂತೆ. ಅಪ್ಪ ನುಡಿಸಿ ಮುಗಿಸಿದಾಗ ಅರಸ ಒಳಗಿನಿಂದ ಒಮ್ಮೆ ಕೆಮ್ಮುತ್ತಿದ್ದನಂತೆ, ಎದ್ದೆ ಅನ್ನುವುದಕ್ಕೆ. ನಾನು ನುಡಿಸಿದಾಗ ಇವತ್ತಿನವರೆಗೂ ಒಮ್ಮೆಯೂ ಕೆಮ್ಮಿಲ್ಲ. ನನ್ನ ಕೈ ಹಿಡಿಸಲಿಲ್ಲವೋ, ಕೆಮ್ಮಲು ಆಗುತ್ತಿಲ್ಲವೋ, ಯಾರನ್ನು ಕೇಳಲಿ? ಮುಚ್ಚಿದ ಬಾಗಿಲು ಒಳಗಿನದನ್ನು ಹೇಳುವುದಿಲ್ಲ.

"ಬಾಯಿ ಬಿಡೋ," ಅಂದ ಲಮೀದಿ. "ಸ್ಕೂಲಲ್ಲೂ ಹಿಂಗೇ ಕಂಬದ ಥರ ನಿಂತಿದ್ದೆ, ಓಡಿಸಿದ್ರು."

ನನ್ನನ್ನು ಯಾರೂ ಓಡಿಸಿರಲಿಲ್ಲ, ನಾನೇ ಬಿಟ್ಟದ್ದು. ಅದನ್ನಾದರೂ ಅವನ ಮುಖಕ್ಕೆ ಹೇಳಬೇಕೆಂದು ಬಾಯಿ ತೆರೆದೆ. ಚಿಕ್ಕಪ್ಪನ ಕಣ್ಣು ನನ್ನ ತುಟಿಯ ಮೇಲೇ ನೆಟ್ಟಿತ್ತು. ಒಂದು ಮಾತು ಹೊರಬಿದ್ದರೆ ಉಳಿದದ್ದೂ ಅದರ ಹಿಂದೆಯೇ ಬರುತ್ತದೆಂದು ಅವನಿಗೆ ಗೊತ್ತು. ನನಗೂ ಗೊತ್ತು.

ಭುಜದ ಮೇಲಿನ ಕೈಯನ್ನು ಕೊಡವಿ ನಡೆದೆ. ಓಡಿದರೆ ಅದೂ ಉತ್ತರವಾದೀತೆಂದು ನಿಧಾನವಾಗಿ. ಬೆನ್ನ ಹಿಂದೆ ಇಯಾ ಬೋಸೆ ಒಲೆಗೆ ನೀರು ಸುರಿದಳು. ಯಾರೋ ಅಂಗಡಿಯ ತಗಡಿನ ಬಾಗಿಲು ಎಳೆದರು, ಆಮೇಲೆ ಪಕ್ಕದವರು, ಆಮೇಲೆ ಅದರ ಪಕ್ಕದವರು. ನಾನು ನಡೆಯುತ್ತಲೇ ಇದ್ದೆ.