ಕೈ ಎತ್ತಿದವರು

ಉದಯಕುಮಾರ್ ಮೇಷ್ಟ್ರಿಗೆ ಪಾಠ ಓದಿ ಹೇಳುವುದೆಂದರೆ ಆಗದು. ಸಮಾಜ ವಿಜ್ಞಾನವನ್ನು ಮಾಡಿ ಕಲಿಯಬೇಕು ಎಂದು ಯಾವುದೋ ತರಬೇತಿಯಲ್ಲಿ ಕೇಳಿಬಂದ ಮೇಲಂತೂ ಲೊಕ್ಕನಹಳ್ಳಿಯ ಅವರ ಏಳನೇ ತರಗತಿ ಒಂದು ಪುಟ್ಟ ವಿಧಾನಸೌಧವೇ ಆಗಿಹೋಯಿತು. ಕಿಟಕಿ ತೆಗೆಯಬೇಕೋ ಮುಚ್ಚಬೇಕೋ ಎಂಬುದಕ್ಕೂ ಕೈ ಎತ್ತಿಸುವುದು, ಎಣಿಸುವುದು. ಕೊಳ್ಳೇಗಾಲದಿಂದ ದಿನಾ ಬೈಕಿನಲ್ಲಿ ಬಂದುಹೋಗುವ ಮನುಷ್ಯ, ಉತ್ಸಾಹಕ್ಕೇನೂ ಕಡಿಮೆಯಿರಲಿಲ್ಲ. ಮಕ್ಕಳಿಗೂ ಅವರೆಂದರೆ ಪ್ರಾಣ.

ಭೂಗೋಳಕ್ಕೆಂದು ಶಾಲೆಯ ಹಿಂದೆ ಮಣ್ಣಿನಲ್ಲಿ ಜಿಲ್ಲೆಯ ನಕ್ಷೆ ಮಾಡುವುದೆಂದಾಯಿತು. ಕೆಲಸ ಬೆಳಿಗ್ಗೆ ಗಂಟೆ ಹೊಡೆಯುವ ಮುಂಚೆಯೋ, ಸಂಜೆ ಶಾಲೆ ಬಿಟ್ಟ ಮೇಲೋ? ಎಂದಿನಂತೆ ಕೈ ಎತ್ತಿಸಿದರು. ಬೆಳಿಗ್ಗೆ ಮನೆಗೆಲಸವಿರುವ ಊರಿನ ಮಕ್ಕಳೆಲ್ಲ ಸಂಜೆಗೆ ಎತ್ತಿದರು. ಬೆಳಿಗ್ಗೆಗೆ ಎದ್ದದ್ದು ಶಿವರಂಜನಿಯ ಕೈ ಒಂದೇ. ಅವಳ ಮನೆಯಿರುವುದು ಊರಾಚೆ, ಕಾಡಂಚಿನ ಹೊಲದಲ್ಲಿ. ಶಾಲೆ ಬಿಟ್ಟೊಡನೆ ಆ ಕಡೆ ಹೋಗುವ ಹಾಲಿನ ಟೆಂಪೊ ಹತ್ತದಿದ್ದರೆ ನಡೆದೇ ಹೋಗಬೇಕು.

“ಟೆಂಪೊ ಒಂಟೋಯ್ತದೆ ಸಾ,” ಎಂದಳು.

“ಬಹುಮತ ಕಣಮ್ಮ. ಸೋತೋರೂ ಒಪ್ಕಂಡ್ರೇನೇ ಅದು ಪ್ರಜಾಪ್ರಭುತ್ವ,” ಎಂದು ಮೇಷ್ಟ್ರು ನಕ್ಕರು. ತರಗತಿ ಚಪ್ಪಾಳೆ ತಟ್ಟಿತು. ಪಾಪ, ಅವಳೂ ತಟ್ಟಿದಳು.

ಒಪ್ಪಿಕೊಂಡ ಮೇಲೆ ಅರೆಮನಸ್ಸು ಮಾಡುವ ಹುಡುಗಿಯಲ್ಲ ಅವಳು. ಬಿಳಿಗಿರಿರಂಗನ ಬೆಟ್ಟ ಅವಳ ಪಾಲಿಗೆ ಬಂದಿತ್ತು. ಮಣ್ಣು ಕಲಸಿ, ತಟ್ಟಿ, ಸಾಲು ಗುಡ್ಡ ಎಬ್ಬಿಸಿ, ಕಾಡಿಗೆಂದು ಹುಣಸೆ ಸೊಪ್ಪು ಚುಚ್ಚುತ್ತ ಕೂತರೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಮೇಷ್ಟ್ರು ಫೋಟೊ ತೆಗೆದು ವಾಟ್ಸಾಪಿಗೆ ಹಾಕಿದರು. ಇದನ್ನು ಮಾಡಿದ ಹುಡುಗಿ ಮನೆಗೆ ಹೇಗೆ ಹೋಗುತ್ತಾಳೆಂದು ಒಂದು ದಿನವೂ ಕೇಳಲಿಲ್ಲ. ಒಳ್ಳೆಯ ಮನುಷ್ಯನೇ, ಏನು ಮಾಡುವುದು, ಆಗ ತಲೆ ಓಡಲಿಲ್ಲ.

ಒಂದು ಸಂಜೆ ನಡೆದು ಹೋಗುತ್ತಿದ್ದವಳಿಗೆ ದಾರಿಯಲ್ಲೇ ಆನೆ ಎದುರಾಯಿತು. ಚೀಲ ಬಿಸಾಕಿ, ಬಿದ್ದು ಎದ್ದು ಓಡಿ, ಯಾರದೋ ಹೊಲದ ಪಂಪ್‌ಹೌಸಿನಲ್ಲಿ ಅವಿತುಕೊಂಡು ಹೇಗೋ ಉಳಿದಳು. ಮರುವಾರ ಅವಳಪ್ಪ ಪುಟ್ಟಬಸಪ್ಪ ಅವಳನ್ನು ಕರೆದುಕೊಂಡು ಶಾಲೆಗೆ ಬಂದ. ಮಗಳ ಮೊಣಕೈಗೆ ಪಟ್ಟಿ ಕಟ್ಟಿತ್ತು.

“ಟೀಸಿ ಕೊಟ್ಬುಡಿ ಸಾ. ಓದಿದ್ದು ಸಾಕು. ಮನೇಲಿ ದನ ನೋಡ್ಕಂಡಿರ್ಲಿ.”

ಮೇಷ್ಟ್ರು ಕುರ್ಚಿ ಬಿಟ್ಟು ಎದ್ದರು. “ಮಗೂನ ಒಂದ್ ಮಾತು ಕೇಳಿದ್ರಾ?”

“ಕೇಳ್ದೆ ಏನ್ ಸಾ? ಓಟ್ ಮಾಡಾವ ಅಂತ ಕೈ ಎತ್ತುಸ್ದೋಳೇ ಅವ್ಳು. ನಾನು, ಅವ್ರವ್ವ, ನಮ್ಮವ್ವ, ಮೂರಾಳೂ ಬ್ಯಾಡ ಅಂತ ಎತ್ತುದ್ವಿ. ಸೋತೋರು ಒಪ್ಕಬೇಕಂತಲ್ಲ, ಅದ್ನೂ ಅವ್ಳೇ ಏಳಿದ್ದು.”

ಶಿವರಂಜನಿ ನೆಲ ನೋಡುತ್ತ ನಿಂತಿದ್ದಳು. “ಅಜ್ಜಿ ನನ್ ಕಡೆ ಎತ್ತುತ್ತೆ ಅನ್ಕಂಡಿದ್ದೆ ಸಾ,” ಎಂದಳು.

ಅವಳು ಹಟ ಮಾಡಬಹುದಿತ್ತು, ಊಟ ಬಿಡಬಹುದಿತ್ತು, ಅತ್ತು ರಂಪ ಮಾಡಬಹುದಿತ್ತು. ಅದನ್ನೆಲ್ಲ ಬಿಟ್ಟು ಮೇಷ್ಟ್ರ ಪಾಠವನ್ನು ನಂಬಿದ್ದಳು.

“ಇದು ಓಟಿಗೆ ಹಾಕೋ ವಿಚಾರನೇ ಅಲ್ಲ ಕಣ್ರಿ. ಓದೋದು ಅವಳ ಹಕ್ಕು. ಮನೆಯವರೆಲ್ಲ ಕೈ ಎತ್ತಿದ್ರೂ ಕಿತ್ಕೊಳಕಾಗಲ್ಲ, ಕಾನೂನೇ ಇದೆ. ನಾಳೆಯಿಂದ ಟೆಂಪೊ ಹೊತ್ತಿಗೆ ನಾನೇ ಕಳಿಸ್ತೀನಿ,” ಎಂದು ಉದಯಕುಮಾರ್ ಗಡಿಬಿಡಿಯಲ್ಲಿ ಹೇಳಿದರು.

“ಈಗ ಏಳಿದ್ರೇನ್ ಬಂತು ಸಾ? ಮಲಗಿದ್ದಂಗೇ ಬೆಚ್ಚಿ ಬೀಳ್ತಳೆ ಮಗ. ಆ ದಾರೀಲಿ ಇನ್ನು ಕಳ್ಸಾಕಿಲ್ಲ,” ಎಂದು ಪುಟ್ಟಬಸಪ್ಪ ಹೆಡ್ಮಾಸ್ಟರ ಕೋಣೆಯತ್ತ ಹೊರಟ.

ಶಿವರಂಜನಿ ಮಾತ್ರ ಅಲ್ಲೇ ಉಳಿದಳು. ತಲೆಯೆತ್ತಿ ಮೇಷ್ಟ್ರನ್ನು ನೋಡಿದಳು.

“ಓಟಿಗೆ ಆಕ್ಬಾರ್ದಂತದ್ದೂ ಇರ್ತದೆ ಅಂತ ಅವತ್ತೇ ಯಾಕೇಳ್ನಿಲ್ಲ ಸಾ?”

ಅದು ಮುಂದಿನ ಪಾಠದಲ್ಲಿತ್ತು.