ಉಪ್ಪಿನ ಕರಪತ್ರ

ಉಪ್ಪಿನ ಸತ್ಯಾಗ್ರಹಕ್ಕೆ ಎಪ್ಪತ್ತೈದು ವರ್ಷ ತುಂಬಿದ 2005ರಲ್ಲಿ ದೆಹಲಿಯಲ್ಲೊಂದು ಪ್ರದರ್ಶನ ಏರ್ಪಟ್ಟಿತ್ತು. ಕರಾವಳಿಯಲ್ಲಿ ಗುಟ್ಟಾಗಿ ಅಚ್ಚಾಗಿ, ಬ್ರಿಟಿಷರು ನಿಷೇಧಿಸಿದ್ದ ಒಂದು ಕನ್ನಡ ಕರಪತ್ರವನ್ನು ಹಿಂದಿಗೆ ತರುವ ಕೆಲಸ ಸರ್ಕಾರಿ ಅನುವಾದಕಿ ರತ್ನಪ್ರಭಾಗೆ ಬಂತು. ಬರೆದವನ ಹೆಸರಿರಲಿಲ್ಲ. 'ಓದು ಬಾರದ ಹೆಂಗಸರೂ ಇದನ್ನು ಕೇಳಿ ಕೊಡ ಹಿಡಿದು ಕಡಲಿಗೆ ಹೊರಟಿದ್ದಾರೆ' ಎಂದು ಯಾರೋ ಪೊಲೀಸಿನವನು ಅಂಚಿನಲ್ಲಿ ಗೀಚಿದ್ದ.

ಜನಕಪುರಿಯ ಮನೆಯಲ್ಲಿ ಆಕೆ ತನ್ನ ಅನುವಾದವನ್ನು ಮಗಳು ಅದಿತಿಗೆ ಓದಿ ಹೇಳಿದಳು. ಅದಿತಿ ಆಕಳಿಸಿದಳು.

"ಸರ್ಕಾರಿ ನೋಟಿಸ್ ಥರ ಇದೆ ಅಮ್ಮಾ. ಕನ್ನಡದಲ್ಲಿ ಏನಿದೆ, ಓದು."

ಅದಿತಿಗೆ ಕನ್ನಡ ಓದಲು ಬಾರದು, ಕೇಳಿದರೆ ತಿಳಿಯುತ್ತಿತ್ತು. ರತ್ನಪ್ರಭಾ ಓದಿದಳು: "ಸಮುದ್ರ ಯಾರಪ್ಪನ ಸೊತ್ತೂ ಅಲ್ಲ. ಅದನ್ನು ಒಣಗಿಸುವ ಬಿಸಿಲೂ ಅಲ್ಲ. ಅಕ್ಕಾ, ನಿನ್ನ ಗಂಜಿಗೆ ನೀನು ಉಪ್ಪು ಹಾಕಿಕೊಂಡರೆ ಕಳ್ಳತನ ಹೇಗಾದೀತು?"

"ಅಚ್ಛಾ, ಇಷ್ಟು ಸಿಂಪಲ್ಲಾ? ನಾನಿದ್ದಿದ್ರೂ ಹೊರಟುಬಿಡ್ತಿದ್ದೆ."

ತನ್ನ ದೊಡ್ಡ ಪದಗಳಡಿಯಲ್ಲಿ ಆ ಅಕ್ಕ ಕಾಣೆಯಾಗಿದ್ದಾಳೆಂದು ರತ್ನಪ್ರಭಾಗೆ ತಿಳಿಯಿತು. ತಾಯಿ ಮಗಳು ಸೇರಿ ಸಂತೆಯ ಹಿಂದಿಯಲ್ಲಿ ಮತ್ತೆ ಬರೆದರು.

ಪ್ರದರ್ಶನದಲ್ಲಿ ಹರಿಯಾಣದ ಮುದುಕಿಯೊಬ್ಬಳು ಮೊಮ್ಮಗಳಿಂದ ಅದನ್ನು ಓದಿಸಿಕೊಂಡಳು. ಮತ್ತೊಮ್ಮೆ ಓದಿಸಿದಳು. ಆಮೇಲೆ ಪಕ್ಕದಲ್ಲಿದ್ದ ರತ್ನಪ್ರಭಾಳನ್ನು ಕೇಳಿದಳು, "ಬೇಟೀ, ಇದನ್ನ ಬರೆದವನು ನಮ್ಮ ಕಡೆಯವನೇ ಅಲ್ವಾ?"

"ಅಲ್ಲ ಮಾಜೀ, ನಮ್ಮ ಕಡಲತೀರದವನು," ಎಂದಳು ರತ್ನಪ್ರಭಾ. ಹೆಸರು ಹೇಳದೆ ಹೋದ ಆ ಮನುಷ್ಯನಿಗೆ ಅವಳು ಮನಸ್ಸಿನಲ್ಲೇ ಕೈಮುಗಿದಳು.