ಎರಡನೇ ಜಾಯ್‌ಸ್ಟಿಕ್ಕು

ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಭಾನುವಾರ ರಜೆ. ಬಾಗಿಲಿಗೆ 'ಮುಚ್ಚಿದೆ' ಎಂಬ ಬೋರ್ಡೂ ನೇತಾಡುತ್ತಿತ್ತು. ಆದರೂ ಆ ದಿನ ಒಳಗಿನಿಂದ ಒಂದೇ ಸಮನೆ ಕೇಕೆ ಕೇಳಿಸುತ್ತಿತ್ತು. ಬೀದಿಯಲ್ಲಿ ಬರುತ್ತಿದ್ದವರೊಬ್ಬರು ಅದನ್ನು ಕೇಳಿ ತಮ್ಮ ಕೆನ್ನೆ ಹಿಡಿದುಕೊಂಡು ರಸ್ತೆ ದಾಟಿ ಆಚೆ ಬದಿಗೆ ಹೋದರು.

ಒಳಗೆ ಡಾಕ್ಟರಮ್ಮ ಗವಸು ಹಾಕಿಕೊಂಡು, ಹಣೆಗೆ ದೀಪ ಕಟ್ಟಿಕೊಂಡು, ಟ್ರೇಯ ಮೇಲೆ ಮಲಗಿಸಿದ್ದ ಹಳದಿ ಕ್ಯಾಸೆಟ್ಟೊಂದರ ಬಾಯಿಯನ್ನು ಹತ್ತಿಯಿಂದ ಒರೆಸುತ್ತಿದ್ದಳು. ಹಳೇ ಕಾಲದ ವಿಡಿಯೋ ಗೇಮಿನ ಕ್ಯಾಸೆಟ್ಟು. ಹೊಸ ಹಲ್ಲುಸೆಟ್ಟು ಹಾಕಿಸಿಕೊಂಡು ಕನ್ನಡಿಯಲ್ಲಿ ತಮ್ಮ ನಗು ನೋಡಿ ತಾವೇ ಮರುಳಾದ ಮುದುಕರೊಬ್ಬರು, ಅಟ್ಟದಲ್ಲಿ ಸಿಕ್ಕಿತೆಂದು ಚಾಕೊಲೇಟ್ ಡಬ್ಬಿಯಲ್ಲಿಟ್ಟು ತಂದುಕೊಟ್ಟಿದ್ದರು. ಅದನ್ನು ನೋಡಿದ ಕ್ಷಣ ಡಾಕ್ಟರಮ್ಮನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅವಳು ಇಷ್ಟು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕುತ್ತಿದ್ದದ್ದು ಅದನ್ನೇ.

"ಒಂದ್ಸಲ ಊದ್ಲಾ?" ಎಂದ, ಎಲ್ಲರೂ 'ಬೇಕರಿ' ಎಂದು ಕರೆಯುವ ಗೆಳೆಯ.

"ಊದಿದ್ರೆ ನಿನ್ನ ಮುಂದಿನ ಹಲ್ಲು ಇದೇ ಟ್ರೇನಲ್ಲಿ ಇರುತ್ತೆ. ಎಂಜಲು ತಾಗಿದ್ರೆ ತುಕ್ಕು ಹಿಡಿಯುತ್ತೆ."

"ಚಿಕ್ಕಂದಿನಲ್ಲಿ ಎಲ್ಲರೂ ಊದ್ತಿದ್ವಲ್ಲ."

"ಚಿಕ್ಕಂದಿನಲ್ಲಿ ನೀನು ಹಲ್ಲೂ ಉಜ್ತಿರಲಿಲ್ಲ. ಅದೂ ಗೊತ್ತು ನಂಗೆ."

ಬೇಕರಿ ಕೈಯಿಂದ ಹಲ್ಲು ಮುಚ್ಚಿಕೊಂಡ. ಅವನು ಬೇಕರಿ ಇಟ್ಟವನು. ಒಲೆಯಿಂದ ಆಗತಾನೇ ತೆಗೆದ ಬನ್ನಿನಂತೆ ದುಂಡಗೆ, ಬೆಚ್ಚಗೆ ಇರುವ ಮನುಷ್ಯ. ಅವನ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದವನು ಕನ್ನಡಕದ ಅಂಗಡಿಯವನು. ಹಳೇ ಗೇಮುಪೆಟ್ಟಿಗೆಗಳನ್ನು ಅವನು ಎಷ್ಟು ಕೂಡಿಹಾಕಿದ್ದನೆಂದರೆ, ಅವನ ಮನೆಯಲ್ಲಿ ಮನುಷ್ಯರು ಅಡ್ಡಡ್ಡ ನಡೆಯಬೇಕು. ಹೀಗಾಗಿ ಅವನಿಗೆ 'ಮ್ಯೂಸಿಯಂ' ಎಂದೇ ಹೆಸರು ಬಿದ್ದಿತ್ತು. ಹಳೇ ಗೇಮಿನ ಹುಚ್ಚು ಹತ್ತಿದ ಆ ಮೂವರಲ್ಲಿ ಅವನ ಮಾತೇ ಕೊನೆಯ ಮಾತು. ಈ ಒಂದು ಕ್ಯಾಸೆಟ್ಟಿನ ವಿಷಯ ಬಿಟ್ಟು.

"ನೋಡು ಡಾಕ್ಟ್ರೇ, ಈಗ್ಲೂ ಹೇಳ್ತೀನಿ," ಎಂದ ಮ್ಯೂಸಿಯಂ. "ಇದು ಒಬ್ರೇ ಆಡೋ ಆಟ."

"ಇಬ್ರು ಆಡೋದು. ನಾನೇ ಆಡಿದೀನಿ."

"ಹಾಗಂತ ನೀನೊಬ್ಳೇ ಹೇಳ್ತೀಯ."

"ಆಡಿದವಳು ಹೇಳ್ದೆ ಆಡದವನು ಹೇಳ್ತಾನಾ?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಲ್ಲಿ ಡಾಕ್ಟರಮ್ಮ ಮೊದಲಿನವಳು. ಆದರೆ ಈ ಮೊಲದ ಮೂರು ಕಾಲನ್ನೂ ಅವಳು ಕಣ್ಣಾರೆ ಕಂಡಿದ್ದಳು. ಅವಳು ಚಿಕ್ಕವಳಿದ್ದಾಗ ಮನೆಯಲ್ಲಿ ಇದೇ ಹಳದಿ ಕ್ಯಾಸೆಟ್ಟಿತ್ತು. ಪರದೆಯ ಮೇಲೊಂದು ದೊಡ್ಡ ಕಪ್ಪೆ, ಅದರ ಹಿಂದೊಂದು ಚಿಕ್ಕ ಕಪ್ಪೆ. ಮೊಸಳೆಗಳ ಬೆನ್ನ ಮೇಲೆ ಹಾರುತ್ತ ಎರಡೂ ಹೊಳೆ ದಾಟಬೇಕು. "ದೊಡ್ಡದು ನಾನು, ಚಿಕ್ಕದು ನೀನು," ಎಂದಿದ್ದ ಅಣ್ಣ. ಮೊದಲನೇ ಜಾಯ್‌ಸ್ಟಿಕ್ಕು ಅವನಿಗೆ, ಎರಡನೆಯದು ಇವಳಿಗೆ. ವೈರು ಸಿಕ್ಕಿಸುವ ಕೆಲಸ ಮಾತ್ರ ಅಣ್ಣನದೇ. ಟೀವಿಯ ಹಿಂದೆ ಕೈ ಹಾಕಿದರೆ ಶಾಕ್ ಹೊಡೆಯುತ್ತದೆಂದು ತಂಗಿಯನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಎಷ್ಟು ಅಕ್ಕರೆ!

ಆ ಗೇಮುಪೆಟ್ಟಿಗೆಯನ್ನು ಕ್ಯಾಸೆಟ್ಟಿನ ಸಮೇತ ಅಪ್ಪ ಯಾರಿಗೋ ಕೊಟ್ಟುಬಿಟ್ಟ ದಿನ ಅವಳು ತನ್ನ ಜಾಯ್‌ಸ್ಟಿಕ್ಕನ್ನು ಹೊಟ್ಟೆಗವಚಿಕೊಂಡು ಮಂಚದಡಿ ಸೇರಿದವಳು ಜಪ್ಪಯ್ಯ ಎಂದರೂ ಹೊರಗೆ ಬರಲಿಲ್ಲ. ಅವಳ ಸಂಗ್ರಹ ಶುರುವಾದದ್ದೇ ಆ ತಬ್ಬಲಿ ಜಾಯ್‌ಸ್ಟಿಕ್ಕಿನಿಂದ. ಬಂದವರಿಗೆಲ್ಲ ಅದನ್ನು ತೋರಿಸುವಳು: "ನೋಡಿ, ಒತ್ತಿ ಒತ್ತಿ ಬಟನ್ ಹೇಗೆ ಸವೆದಿದೆ. ಆದ್ರೂ ವೈರಿನ ತುದಿಯ ಪಿನ್ನು ನೋಡಿ, ಒಂದು ಗೀರಿಲ್ಲ. ಹಾಗೆ ಕಾಪಾಡಿದೀನಿ."

ಕ್ಯಾಸೆಟ್ಟು ಸಿಕ್ಕ ಸುದ್ದಿ ತಿಳಿಯುತ್ತಲೇ ಮ್ಯೂಸಿಯಂ ಪಂಥ ಕಟ್ಟಿದ್ದ. ಇಬ್ಬರು ಆಡುವ ಆಟವಾದರೆ ಅವನ ಗಾಜಿನ ಬೀರುವಿನಿಂದ ಬೇಕಾದ್ದನ್ನು ಅವಳು ಎತ್ತಿಕೊಂಡು ಹೋಗಬಹುದು. ಅಲ್ಲವಾದರೆ ಅವಳ ಬಿಳಿಯಾನೆ ಅವನಿಗೆ. ಬಿಳಿಯಾನೆ ಎಂದರೆ ಬೆಳ್ಳನೆಯ ಒಂದು ಗೇಮುಪೆಟ್ಟಿಗೆ. ಕಾರ್ಖಾನೆಯವರು ಕಪ್ಪು ಪ್ಲಾಸ್ಟಿಕ್ ಮುಗಿದುಹೋಗಿ ಬಿಳಿಯದರಲ್ಲಿ ಒಂದಿಷ್ಟು ಎರಕ ಹೊಯ್ದು, ಆಮೇಲೆ ಅಂಗಡಿಯನ್ನೇ ಮುಚ್ಚಿಕೊಂಡು ಹೋದರಂತೆ. ಕ್ಲಿನಿಕ್ಕಿನ ಕಪಾಟಿನಲ್ಲಿ, ಸುಣ್ಣದ ದವಡೆಗಳ ನಡುವೆ, ಅದು ದೇವರಂತೆ ಕೂತಿತ್ತು. ಮ್ಯೂಸಿಯಂ ಹಲ್ಲುನೋವಿಲ್ಲದೆಯೂ ಅದನ್ನು ನೋಡಲು ಬರುತ್ತಿದ್ದ.

"ಹಾಕು ಮತ್ತೆ," ಎಂದ ಈಗ.

ಮ್ಯೂಸಿಯಂ ತಂದಿದ್ದ ಗೇಮುಪೆಟ್ಟಿಗೆಯೊಳಗೆ ಕ್ಯಾಸೆಟ್ಟು ಹೋಯಿತು. ಬೇಕರಿಯನ್ನು ರೋಗಿಗಳ ಕುರ್ಚಿಯಲ್ಲಿ ಕೂರಿಸಿ ಮೊದಲನೇ ಜಾಯ್‌ಸ್ಟಿಕ್ಕು ಕೊಟ್ಟರು. ಡಾಕ್ಟರಮ್ಮ ತನ್ನದನ್ನು ತಾನೇ ಸಿಕ್ಕಿಸಹೊರಟಳು. ಅದು ಸಲೀಸಾಗಿ ಹೋಗಲಿಲ್ಲ. ಬಿಗಿ. ಹೆಬ್ಬೆರಳಿಟ್ಟು ಒತ್ತಿದಳು, ಟಕ್ಕೆಂದಿತು. ಹಳೆಯದಲ್ಲವೇ, ಬಿಗಿಯಾಗಿರಬೇಕು ಎಂದುಕೊಂಡಳು.

ಗೋಡೆಯ ಟೀವಿಯಲ್ಲಿ ಹಸಿರು ಹೊಳೆ ಹರಿಯಿತು. ದೊಡ್ಡ ಕಪ್ಪೆ ಹಾರಿತು. ಡಾಕ್ಟರಮ್ಮ ಬಟನ್ ಒತ್ತಿದಳು. ಚಿಕ್ಕ ಕಪ್ಪೆ ಹಾರಿತು.

"ನೋಡಿದ್ಯಾ!" ಎಂದು ಅವಳು ಕಿರುಚಿದ್ದಕ್ಕೆ ಕಪಾಟಿನ ದವಡೆಗಳು ಕಟಕಟ ಎಂದವು. "ನಿನ್ನ ಗಾಜಿನ ಬೀರು ಒರೆಸಿಡು! ಹಾರು, ಹಾರು ನನ್ನ ರಾಜಾ!"

ಕಪ್ಪೆ ಹಾರಿತು. ಮ್ಯೂಸಿಯಂ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ. ಸ್ವಲ್ಪ ಹೊತ್ತು ಪರದೆಯನ್ನೂ ಅವಳ ಬೆರಳನ್ನೂ ನೋಡಿದ.

"ಡಾಕ್ಟ್ರೇ, ಅದನ್ನ ಸ್ವಲ್ಪ ಕೆಳಗಿಡು."

"ಯಾಕೆ?"

"ಸುಮ್ನೆ ಇಡಮ್ಮ."

ಅವಳು ಜಾಯ್‌ಸ್ಟಿಕ್ಕನ್ನು ಟ್ರೇಯಲ್ಲಿಟ್ಟಳು. ಬೇಕರಿಯ ದೊಡ್ಡ ಕಪ್ಪೆ ಮುಂದೆ ಹಾರಿತು. ಚಿಕ್ಕ ಕಪ್ಪೆ, ಯಾರ ಹಂಗೂ ಇಲ್ಲದೆ, ಅದರ ಹಿಂದೆಯೇ ಹಾರಿತು. ಮತ್ತೊಮ್ಮೆ ಹಾರಿತು. ಮೂರನೇ ಸಲ ಕಾಲು ಜಾರಿ ನೀರಿಗೆ ಬಿತ್ತು. ಅದೂ ತಾನಾಗಿಯೇ.

ಬಾಯಿ ಮುಕ್ಕಳಿಸುವ ಬೋಗುಣಿಯಲ್ಲಿ ನೀರು ಗುಳುಗುಳು ಎನ್ನುತ್ತಿತ್ತು.

ಡಾಕ್ಟರಮ್ಮ ಜಾಯ್‌ಸ್ಟಿಕ್ಕಿನ ವೈರು ಕಿತ್ತಳು. ಬಾಯೊಳಗೆ ಹಿಡಿಯುವ ಪುಟ್ಟ ಕನ್ನಡಿಯನ್ನು ಪಿನ್ನುಗಳ ಕೆಳಗೆ ಹಿಡಿದು ಹಣೆಯ ದೀಪ ಬಗ್ಗಿಸಿದಳು. ಬಾಯಿ ತೆರೆದರೆ ಸಾಕು, ಯಾರು ಯಾವ ಕಡೆಯಿಂದ ಅಗಿಯುತ್ತಾರೆಂದು ಹೇಳಬಲ್ಲವಳು ಅವಳು. ಸವೆಯದ ಹಲ್ಲು ಎಂದರೆ ಕೆಲಸ ಮಾಡದ ಹಲ್ಲು ಎಂದು ದಿನಾ ರೋಗಿಗಳಿಗೆ ಪಾಠ ಹೇಳುವವಳು. ದೀಪದ ಬುಡದಲ್ಲೇ ಕತ್ತಲಿತ್ತು. ಪಿನ್ನುಗಳ ಮೇಲೆ ಈಗ, ಮೊಟ್ಟಮೊದಲ ಬಾರಿಗೆ, ತೆಳ್ಳನೆಯ ಒಂದೊಂದು ಗೀರು ಮೂಡಿತ್ತು. ಅದು ಈಗತಾನೇ ಆದದ್ದು.

"ಇದನ್ನ..." ಎಂದಳು ಮೆಲ್ಲಗೆ. "ಇದನ್ನ ಯಾವತ್ತೂ ಸಿಕ್ಕಿಸೇ ಇಲ್ಲ."

ಮೊದಲು ನಕ್ಕವನು ಬೇಕರಿ. ನಗಬಾರದೆಂದು ತಡೆದು, ತಡೆಯಲಾರದೆ, ಕುರ್ಚಿಯ ಗುಂಡಿಗೆ ಮೊಣಕೈ ತಾಗಿಸಿ, ಕುರ್ಚಿ ಅವನನ್ನು ಅಂಗಾತ ಮಲಗಿಸುತ್ತ ಹೋದರೂ ನಗುತ್ತಲೇ ಹೋದ. ಆಮೇಲೆ ಡಾಕ್ಟರಮ್ಮನ ಹೊಟ್ಟೆಯೊಳಗಿಂದ ಏನೋ ಎದ್ದು ಬಂತು. ಅವಳು ಅಳು ಎಂದುಕೊಂಡಳು; ನೋಡಿದರೆ ನಗು. ನೆಲದ ಮೇಲೆ ಕೂತು, ಗವಸಿನ ಕೈಯಲ್ಲಿ ಮುಖ ಮುಚ್ಚಿಕೊಂಡು, ಪಕ್ಕೆ ಹಿಡಿದುಕೊಳ್ಳುವ ಹಾಗೆ ನಕ್ಕಳು.

ಅಷ್ಟರಲ್ಲಿ ಹೊರಗೊಂದು ಕಾರು ಬಂದು ನಿಂತಿತು. ಅಣ್ಣ. ಅವನದು ಡ್ರೈವಿಂಗ್ ಸ್ಕೂಲು. ಕಲಿಯುವವರ ಕಾಲಿಗೊಂದು, ಪಕ್ಕದಲ್ಲಿ ಕೂರುವ ಮೇಷ್ಟರ ಕಾಲಿಗೊಂದು, ಹೀಗೆ ಎರಡು ಬ್ರೇಕಿನ ಕಾರು. ತಂಗಿಯನ್ನು ಊಟಕ್ಕೆ ಕರೆದೊಯ್ಯಲು ಬಂದಿದ್ದ.

"ಏನ್ ಪುಟ್ಟಿ, ನೆಲದ ಮೇಲೆ ಯಾಕೆ ಕೂತಿದೀಯ? ನಿಮ್ಮತ್ತಿಗೆ ಕಾಯ್ತಾ..."

ಅವಳು ಎದ್ದು ಜಾಯ್‌ಸ್ಟಿಕ್ಕನ್ನು ಅವನ ಮೂಗಿನ ಮುಂದೆ ಹಿಡಿದಳು. ಅಣ್ಣ ಅದನ್ನು ನೋಡಿದ, ಪರದೆಯ ಮೇಲಿನ ಕಪ್ಪೆಗಳನ್ನು ನೋಡಿದ. ಕುಂಬಳಕಾಯಿ ಕಳ್ಳ ಎಂದು ಯಾರೂ ಇನ್ನೂ ಅಂದಿರಲಿಲ್ಲ. ಅವನ ಕೈ ಆಗಲೇ ಹೆಗಲ ಮೇಲಿತ್ತು.

"ವೈರು ಎಲ್ಲಿಗೆ ಹೋಗ್ತಿತ್ತು?" ಎಂದಳು.

"ಯಾವ ವೈರು?"

"ಅಣ್ಣಾ!"

"...ಚಾಪೆ ಕೆಳಗೆ."

"ಅಷ್ಟು ವರ್ಷಾನೂ?"

"ನೀನು ಕೊಡು ಕೊಡು ಅಂತ ಅಳ್ತಿದ್ದೆ ಕಣೇ. ಕೊಟ್ಟೆ."

"ವೈರಿಲ್ದೆ!"

"ವೈರು ಕೇಳಿದ್ಯಾ ನೀನು?"

ಬೇಕರಿ ಅಂಗಾತ ಮಲಗಿದಲ್ಲಿಯೇ ಹೊರಳಿದ.

"ಮತ್ತೆ ನೀರು?" ಎಂದಳು ಡಾಕ್ಟರಮ್ಮ. ಚಿಕ್ಕ ಕಪ್ಪೆ ಮುಳುಗಿದಾಗಲೆಲ್ಲ, ತಪ್ಪು ಅವಳದೇ ಎಂದು, ಅವಳು ಅಡುಗೆಮನೆಗೆ ಓಡಿ ಅಣ್ಣನಿಗೆ ಕುಡಿಯಲು ನೀರು ತರಬೇಕಿತ್ತು. ಬಾಲ್ಯದಲ್ಲಿ ಅವಳು ಓಡಿದ ಓಟವೆಲ್ಲ ಅದೇ. "ಆ ದರಿದ್ರ ಕಪ್ಪೆ ತಾನಾಗೇ ಮುಳುಗ್ತಿತ್ತು! ನಾನ್ಯಾಕೆ ನೀರು ತರ್ಬೇಕಿತ್ತು?"

"ಬಾಯಾರ್ತಿತ್ತು ಪುಟ್ಟಿ," ಎಂದ ಅಣ್ಣ ವಿನಯದಿಂದ.

ಮ್ಯೂಸಿಯಂ ಇಷ್ಟು ಹೊತ್ತು ಗೆದ್ದವನ ಗಾಂಭೀರ್ಯದಲ್ಲಿ ಕಿರುನಗೆ ನಗುತ್ತಿದ್ದ. ಬಿಳಿಯಾನೆಯ ಕಡೆಗೆ ಒಂದು ಹೆಜ್ಜೆಯನ್ನೂ ಇಟ್ಟಿದ್ದ. ಅಲ್ಲಿಗೇ ನಿಂತುಬಿಟ್ಟ.

"ಒಂದ್ನಿಮಿಷ," ಎಂದ. ಅವನ ಮುಖದ ಬಣ್ಣ ಇಳಿಯುತ್ತ ಬಂತು. "ನಮ್ಮನೇಲಿ ನಾನೂ ಚಿಕ್ಕವನೇ ಅಲ್ವಾ. ನಮ್ಮಕ್ಕನ ಜೊತೆ ವಿಮಾನದ ಆಟ..."

ಆ ವಿಮಾನದ ಆಟ ಅವನ ಜೀವನದ ಮೊದಲ ವಿಜಯ. ಅದನ್ನು ಅವನು ಹೇಳದ ಜನರಿಲ್ಲ. ಅಕ್ಕನಿಗೆ ಫೋನು ಹಚ್ಚಿದ. ಎಲ್ಲರಿಗೂ ಕೇಳುವ ಹಾಗೆ ಹಾಕೆಂದು ಡಾಕ್ಟರಮ್ಮ ಗದರಿದಳು.

"ಅಕ್ಕಾ, ಚಿಕ್ಕಂದಿನಲ್ಲಿ ವಿಮಾನದ ಆಟ ಆಡ್ತಿದ್ವಲ್ಲ, ನನ್ನ ಜಾಯ್‌ಸ್ಟಿಕ್ಕು..."

"ಯಾವುದೋ, ಆ ಎರಡನೇದಾ?" ಎಂದಿತು ಫೋನು, ಪಾತ್ರೆ ತೊಳೆಯುವ ಸದ್ದಿನ ನಡುವೆ. "ಅದರ ವೈರು ಕತ್ತರಿಸಿ ಕಿಟಕಿ ಪರದೆಗೆ ಕಟ್ಟಿದ್ದೆ. ಯಾಕೋ, ಈಗ ಬೇಕಿತ್ತಾ?"

ಮ್ಯೂಸಿಯಂ ಇಂಗು ತಿಂದ ಮಂಗನಂತೆ ಫೋನು ಜೇಬಿಗಿಟ್ಟ. ಆಗ ಕುರ್ಚಿಯಿಂದ ಬೇಕರಿಯ ದನಿ ಬಂತು.

"ನಾನು ನಮ್ಮ ತಮ್ಮನಿಗೆ ಕ್ಯಾಲ್ಕುಲೇಟರ್ ಕೊಟ್ಟಿದ್ದೆ."

"ಕ್ಯಾಲ್ಕುಲೇಟರ್?"

"ಬಟನ್ ಇತ್ತಲ್ಲ. ಖುಷಿಯಾಗಿ ಒತ್ತಿಕೊಂಡು ಕೂತಿರ್ತಿದ್ದ ಪಾಪ. ಈಗ ಲೆಕ್ಕ ಪರಿಶೋಧಕ."

ಆ ನಗು ಇಳಿಯಲು ಬಹಳ ಹೊತ್ತು ಬೇಕಾಯಿತು. ಇಳಿಯಿತು ಎನ್ನುವಾಗ ಯಾರೋ ಒಬ್ಬರು "ಪರಿಶೋಧಕ" ಎನ್ನುವರು, ಮತ್ತೆ ಏಳುವುದು. ಕೊನೆಗೆ ಡಾಕ್ಟರಮ್ಮ ಕಣ್ಣೊರೆಸಿಕೊಂಡು ಬೇಕರಿಯನ್ನು ಕುರ್ಚಿಯಿಂದ ಎಬ್ಬಿಸಿದಳು. ಮೊದಲನೇ ಜಾಯ್‌ಸ್ಟಿಕ್ಕು ತಾನು ಹಿಡಿದಳು.

"ಕೂತ್ಕೋ ಅಣ್ಣ. ದೊಡ್ಡದು ನಾನು, ಚಿಕ್ಕದು ನೀನು."

"ಊಟ?"

"ದಾಟಿದ ಮೇಲೆ."

ಎರಡನೇ ಜಾಯ್‌ಸ್ಟಿಕ್ಕನ್ನು ಅವನ ಕೈಗಿಟ್ಟಳು. ಅದರ ವೈರು ಅವನ ಮೊಣಕಾಲಿನ ಮೇಲೆ ಇಲಿಯ ಬಾಲದ ಹಾಗೆ ನೇತಾಡುತ್ತಿತ್ತು. ಅದನ್ನು ಅಣ್ಣನೂ ನೋಡಿದ. ನೋಡಿಯೂ ಬಟನ್ನಿನ ಮೇಲೆ ಹೆಬ್ಬೆರಳಿಟ್ಟ.

ಮೊದಲು ತಮಾಷೆಗೆ ಒತ್ತಿದ. ಎರಡನೇ ಮೊಸಳೆಯ ಹೊತ್ತಿಗೆ ಮುಂದಕ್ಕೆ ಬಗ್ಗಿದ್ದ. ಮೂರನೆಯದರ ಹೊತ್ತಿಗೆ ನಾಲಿಗೆ ಕಚ್ಚಿಕೊಂಡು ಜಾಯ್‌ಸ್ಟಿಕ್ಕನ್ನು ಸ್ಟೀರಿಂಗಿನಂತೆ ಎಡಕ್ಕೂ ಬಲಕ್ಕೂ ತಿರುವುತ್ತಿದ್ದ. "ಪುಟ್ಟಿ, ಎಡಗಡೆ! ನಾನು ಬರ್ತಿದೀನಿ, ನೀನು ಹೋಗು! ಹೋಗು!" ಚಿಕ್ಕ ಕಪ್ಪೆ ಮುಳುಗಿತು. "ಅಯ್ಯೋ, ನಂದೇ ತಪ್ಪು!" ಎಂದು ಹಣೆ ಚಚ್ಚಿಕೊಂಡ.

"ನೀರು," ಎಂದಳು ಡಾಕ್ಟರಮ್ಮ, ಪರದೆಯಿಂದ ಕಣ್ಣು ತೆಗೆಯದೆ.

ಅಣ್ಣ ಎದ್ದು ಓಡಿ ಮುಕ್ಕಳಿಸುವ ಲೋಟದಲ್ಲಿ ನೀರು ತಂದುಕೊಟ್ಟು, ಓಡಿ ಬಂದು ಕೂತ. ಅವಳು ಒಂದೇ ಗುಟುಕಿಗೆ ಕುಡಿದಳು. ಅಂಥ ರುಚಿಯ ನೀರು ಅವಳು ಕುಡಿದಿರಲಿಲ್ಲ.

ಕೊನೆಯ ಮೊಸಳೆ ಬಾಯಿ ತೆರೆಯಿತು. ಹಾರಿದಳು. ದಡ. ಹಿಂದೆಯೇ ಚಿಕ್ಕ ಕಪ್ಪೆ ಪಚಕ್ಕೆಂದು ಬಂದು ಬಿತ್ತು, ಸಂಗೀತ ಮೊಳಗಿತು.

"ಗೆದ್ವಿ!" ಅಣ್ಣ ಎರಡು ಕೈಯೆತ್ತಿ ಕುಣಿದ. ವೈರಿನ ತುದಿ ಬೇಕರಿಯ ಕಿವಿಗೆ ಬಡಿಯಿತು. "ಗೆದ್ವಿ ಪುಟ್ಟಿ, ಗೆದ್ವಿ!"

ಡಾಕ್ಟರಮ್ಮ ಅವನನ್ನೇ ನೋಡಿದಳು. ಆಗಲೂ ಹೀಗೆಯೇ ಮನೆಯೆಲ್ಲ ಕೂಗಿಕೊಂಡು ಓಡುತ್ತಿದ್ದ. ಗೆದ್ವಿ. ಗೆದ್ದೆ ಎಂದು ಒಂದು ದಿನವೂ ಅಂದವನಲ್ಲ.

ಮ್ಯೂಸಿಯಂ ಕೆಮ್ಮಿದ. "ಪಂಥದ ವಿಷಯ..."

"ಗೊತ್ತು ಮಾರಾಯ, ಸೋತಿದೀನಿ. ತಗೊಂಡು ಹೋಗು."

"ಬಿಳಿಯಾನೆ ಬೇಡ." ಅವನ ಕಣ್ಣು ಅಣ್ಣನ ಕೈಯ ಮೇಲಿತ್ತು, ಕನ್ನಡಕದ ಹಿಂದೆ ಹಳೇ ಬೇಟೆಗಾರನ ಹೊಳಪು. "ಅದನ್ನ ಕೊಡು. ಸವೆದ ಬಟನ್ನು, ಸವೆಯದ ಪಿನ್ನು. ಬಿಳಿಯಾನೆ ಎಲ್ಲೋ ಇನ್ನೊಂದಾದ್ರೂ ಇರುತ್ತೆ. ಇಂಥದ್ದು ಲೋಕದಲ್ಲಿ ಇದೊಂದೇ. ನಂದನ್ನಂತೂ ನಮ್ಮಕ್ಕ ಪರದೆಗೆ ಕಟ್ಟಿಬಿಟ್ಳು."

"ಕೊಟ್ಬಿಡೇ," ಎಂದ ಅಣ್ಣ ಗಾಬರಿಯಿಂದ. "ಆನೆ ಉಳಿಯುತ್ತೆ. ಇದು ಕೆಲಸಕ್ಕೆ ಬಾರದ್ದು."

ಡಾಕ್ಟರಮ್ಮ ಕಪಾಟು ತೆರೆದಳು. ಸುಣ್ಣದ ದವಡೆಗಳನ್ನು ಸರಿಸಿ, ಬಿಳಿಯಾನೆಯನ್ನು ಎರಡೂ ಕೈಯಲ್ಲಿ ಎತ್ತಿ, ಮ್ಯೂಸಿಯಮ್ಮಿನ ಎದೆಗೊತ್ತಿದಳು.

"ಮಾತು ಅಂದ್ರೆ ಮಾತು. ಆನೆ ನಿಂದು."

"ಹುಚ್ಚೀ!" ಎಂದ ಅಣ್ಣ.

ಅವಳು ಅವನ ಕೈಯಿಂದ ಜಾಯ್‌ಸ್ಟಿಕ್ಕು ಕಿತ್ತುಕೊಂಡು, ವೈರು ಸುತ್ತಿ, ಆನೆ ಕೂತಿದ್ದ ಜಾಗದಲ್ಲಿ ಇಟ್ಟು, ಕಪಾಟಿಗೆ ಬೀಗ ಹಾಕಿದಳು.

ಬೇಕರಿ ತನ್ನ ತಮ್ಮನಿಗೆ ಏನು ಹೇಳಬೇಕೆಂದು ಗೊಣಗುತ್ತ ನಡೆದುಕೊಂಡು ಹೊರಟ. ಉಳಿದವರು ಕಾರು ಹತ್ತಿದರು. ಹಿಂದಿನ ಸೀಟಿನಲ್ಲಿ ಮ್ಯೂಸಿಯಂ, ತೊಡೆಯ ಮೇಲೆ ಆಗತಾನೇ ಹುಟ್ಟಿದ ಕೂಸಿನಂತೆ ಬಿಳಿಯಾನೆ. ಅಣ್ಣ ಸ್ಟೀರಿಂಗ್ ಹಿಡಿದ. ಪಕ್ಕದಲ್ಲಿ, ಮೇಷ್ಟರ ಸೀಟಿನಲ್ಲಿ, ಡಾಕ್ಟರಮ್ಮ ಕೂತಳು. ಖಾಲಿ ಬೀದಿಯಲ್ಲಿ ಕಾರು ಆಮೆಯಂತೆ ಹೊರಟಿತು.

ಅವಳು ತನ್ನ ಕಾಲಬಳಿ ನೋಡಿದಳು.

"ಅಣ್ಣ, ಈ ಎರಡನೇ ಬ್ರೇಕಿಗಾದ್ರೂ ವೈರಿದೆಯಾ?"

"ಒತ್ತಿ ನೋಡು ಬೇಕಾದ್ರೆ."

ಒತ್ತಿದಳು. ಕಾರು ಗಕ್ಕನೆ ನಿಂತಿತು. ಅಣ್ಣನ ಹಣೆ ಸ್ಟೀರಿಂಗಿಗೆ ತಾಗಿ ಹಾರ್ನು ಪೀಂ ಎಂದಿತು, ಹಿಂದಿನಿಂದ "ನನ್ನಾನೆ!" ಎಂಬ ಕೂಗು ಬಂತು.

"ಇದೆ!" ಎಂದಳು ಡಾಕ್ಟರಮ್ಮ. ಮತ್ತೊಮ್ಮೆ ಒತ್ತಿದಳು.